ಫೆರ್ನಾವೊ ಲೋಪೆಸ್

ಫೆರ್ನಾವೊ ಲೋಪೆಸ್: ಪೋರ್ಚುಗಲಿನ ಇತಿಹಾಸದಲ್ಲಿ ಹಲವರಿಗೆ ಇದ್ದ ಹೆಸರು. ಇವರಲ್ಲಿ ಮೂವರು ಮುಖ್ಯರು. ಮೊದಲನೆಯವನು ಲಿಸ್ಬನ್ನಿನ ಅರಮನೆಯ ದಫ್ತರ ಕಾಯುತ್ತಿದ್ದ 15ನೆಯ ಶತಮಾನದ ಚರಿತ್ರಕಾರ. ಎರಡನೆಯವನು ಬಿಜಾಪುರದ ಸೈನ್ಯವನ್ನು ಸೇರಿ, 1512ರಲ್ಲಿ ಗೋವೆಯಲ್ಲಿ ಶಿಕ್ಷೆಯಾಗಿ ಮೂಗು, ಕಿವಿ, ಕೈ ಕಳೆದುಕೊಂಡು, ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದಲ್ಲಿ ಒಂಟಿಯಾಗಿ ಬಾಳಿದ ಸೈನಿಕ. ಮೂರನೆಯವನು ಭಾರತದಲ್ಲಿ ಹತ್ತು ವರ್ಷ ಇದ್ದು ಪೋರ್ಚುಗೀಸರ ದಂಡಯಾತ್ರೆಗಳ ಕಥೆ ಬರೆದ ಫೆರ್ನಾವೊ ಲೋಪೆಸ್ ದ ಕಾಸ್ತನ್ಯೇಡ. ಇಬ್ಬರು ಬರೆದವರು, ನಡುವಿನವನು ಇತರರ ಬರಹದಿಂದಷ್ಟೇ ಉಳಿದವನು. ಅವನ ಕೈಯ ಒಂದು ಸಾಲೂ ನಮಗೆ ಸಿಕ್ಕಿಲ್ಲ.

ಒಂದೇ ಹೆಸರು ಇಷ್ಟು ಮಂದಿಗೆ ಬಂದದ್ದರಲ್ಲಿ ಸೋಜಿಗವೇನಿಲ್ಲ. ಮಧ್ಯಯುಗದ ಪೋರ್ಚುಗಲಿನಲ್ಲಿ ಬಳಕೆಯಲ್ಲಿದ್ದ ಹೆಸರುಗಳೇ ಕೆಲವು. ಅಪ್ಪನ ಹೆಸರಿಗೆ 'ಎಸ್' ಸೇರಿಸಿದರೆ ಮಗನ ಎರಡನೆಯ ಹೆಸರು ಸಿದ್ಧ: ಲೋಪೊನ ಮಗ ಲೋಪೆಸ್, ರೊದ್ರಿಗೊನ ಮಗ ರೊದ್ರಿಗೆಸ್, ನುನೊನ ಮಗ ನೂನೆಸ್. ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದು ಅಲ್ಲಿನ ಅರಸರ ವೃತ್ತಾಂತ ಬರೆದ ನೂನಿಜ್ ಕೂಡ ಫೆರ್ನಾವೊನೇ. ಕಾಲ ಸರಿದಂತೆ ಅಪ್ಪನ ಹೆಸರು ಹೋಗಿ ಇವು ಮನೆತನದ ಅಡ್ಡಹೆಸರುಗಳಾಗಿ ನಿಂತವು. 16ನೆಯ ಶತಮಾನದಲ್ಲಿ ಗೋವೆಯಲ್ಲಿ ಕ್ರೈಸ್ತರಾದವರಿಗೂ ಇವೇ ಹೆಸರುಗಳು ಬಂದವು. ಅವರ ಸಂತತಿಯವರು ದಕ್ಷಿಣಕ್ಕೆ ವಲಸೆ ಬಂದಾಗ ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಲೋಬೊ, ಪಿಂಟೊ, ಡಿಸೋಜಗಳ ಜತೆ ಲೋಪೆಸ್ ಕೂಡ ನೆಲೆಯಾಯಿತು. ಫೆರ್ನಾವೊ ಎಂಬ ಹಳೆಯ ರೂಪವೊಂದು ಬಳಕೆ ತಪ್ಪಿದೆ. ಇಂದು ಎಲ್ಲೆಡೆ ಕೇಳುವುದು ಫೆರ್ನಾಂಡೊ.

ಚರಿತ್ರಕಾರ

ಮೊದಲ ಫೆರ್ನಾವೊ ಲೋಪೆಸ್ ಹುಟ್ಟಿದ್ದು 1380ರ ಆಸುಪಾಸಿನಲ್ಲಿ. ಕುಲೀನ ಮನೆತನದವನಲ್ಲ; ಕುಶಲಕರ್ಮಿಗಳ ಮನೆಯಿಂದ ಬಂದವನೆಂದು ವಿದ್ವಾಂಸರ ಊಹೆ. 1418ರ ಹೊತ್ತಿಗೆ ಅವನು 'ಟೋರೆ ಡೊ ಟೊಂಬೊ'ದ ಮುಖ್ಯ ಪಾಲಕನಾಗಿದ್ದ. ಲಿಸ್ಬನ್ನಿನ ಸಂತ ಜಾರ್ಜನ ಕೋಟೆಯ ಒಂದು ಗೋಪುರ ಇದು. ರಾಜ್ಯದ ಭೂದಾಖಲೆ, ದಾನಪತ್ರ, ಒಪ್ಪಂದಗಳೆಲ್ಲ ಇದರೊಳಗಿದ್ದವು. ಜಮೀನಿನ ತಗಾದೆ ಬಂದವರು, ಹಳೆಯ ಹಕ್ಕು ಸಾಧಿಸಬೇಕಾದ ಮಠದವರು ಅರಸನ ಅಪ್ಪಣೆ ಪಡೆದು ಬಂದರೆ, ಮೂಲಪತ್ರ ಹುಡುಕಿ ನಕಲು ತೆಗೆದು ದೃಢೀಕರಿಸಿ ಕೊಡುವುದು ಪಾಲಕನ ಕೆಲಸ. ಮೂವತ್ತಾರು ವರ್ಷ ಅವನು ಮಾಡಿದ್ದು ಇದನ್ನೇ. ಒಂದನೆಯ ಜೊವಾವೊ ಮತ್ತು ಅವನ ಮಗ ದುವಾರ್ತೆ ಇಬ್ಬರಿಗೂ ಬರವಣಿಗೆಯ ಕೆಲಸ ಮಾಡಿಕೊಟ್ಟ. ರಾಜಕುಮಾರ ಫೆರ್ನಾಂಡೊನ ಕಾರ್ಯದರ್ಶಿಯೂ ಆಗಿದ್ದ. ಈ ರಾಜಕುಮಾರ ಮೊರಾಕ್ಕೊದ ಫೆಜ್ ನಗರದಲ್ಲಿ ಸೆರೆಯಾಳಾಗಿ 1443ರಲ್ಲಿ ಸತ್ತ. ಅವನ ವೈದ್ಯನಾಗಿ ಜತೆಗೆ ಹೋಗಿದ್ದ ಲೋಪೆಸ್‌ನ ಮಗ ಮಾರ್ತಿನ್ಯೊ ಕೂಡ ಆ ಸೆರೆಯಿಂದ ಹಿಂದಿರುಗಲಿಲ್ಲ.

1434ರಲ್ಲಿ ದೊರೆ ದುವಾರ್ತೆ ಹಿಂದಿನ ಅರಸರ ಚರಿತ್ರೆಯನ್ನೆಲ್ಲ ಬರೆಯಬೇಕೆಂದು ಅವನಿಗೆ ಆಜ್ಞೆ ಮಾಡಿ ವರ್ಷಾಶನ ಕಟ್ಟಿಸಿದ. ಹೀಗೆ ಹುಟ್ಟಿದವುಗಳಲ್ಲಿ ಖಚಿತವಾಗಿ ಅವನವು ಎನ್ನಬಹುದಾದವು ಒಂದನೆಯ ಪೆದ್ರು, ಫೆರ್ನಾಂಡೊ ಮತ್ತು ಒಂದನೆಯ ಜೊವಾವೊ ಈ ಮೂವರ ಚರಿತ್ರೆಗಳು. ಅದಕ್ಕೂ ಹಿಂದಿನ ಅರಸರ ಬಗ್ಗೆ, 20ನೆಯ ಶತಮಾನದ ನಡುವೆ ಬೆಳಕು ಕಂಡ ಹಸ್ತಪ್ರತಿಯಲ್ಲಿರುವ 1419ರ ಚರಿತ್ರೆಯನ್ನೂ ಅವನ ಹೆಸರಿಗೆ ಸೇರಿಸುವವರಿದ್ದಾರೆ. ಆ ವಾದ ಇನ್ನೂ ಮುಗಿದಿಲ್ಲ.

ಆಳುವವನ ಅನ್ನ ತಿಂದು ಆಳುವವನ ತಂದೆಯ ಕಥೆ ಬರೆಯುವುದು ಸುಲಭದ ಕೆಲಸವಲ್ಲ, ಅದರಲ್ಲೂ ಜೊವಾವೊ ಪಟ್ಟಕ್ಕೆ ಬಂದ ರೀತಿ ನೇರವಾದುದಾಗಿರಲಿಲ್ಲ. 1383ರಲ್ಲಿ ದೊರೆ ಫೆರ್ನಾಂಡೊ ಗಂಡುಸಂತಾನವಿಲ್ಲದೆ ತೀರಿಕೊಂಡ. ಮಗಳನ್ನು ನೆರೆಯ ಕಾಸ್ಟೀಲಿನ ದೊರೆಗೆ ಕೊಟ್ಟಿದ್ದರಿಂದ ರಾಜ್ಯ ಅಳಿಯನ ಪಾಲಾಗುವ ಹಾಗಿತ್ತು. ಆಗ ಸತ್ತ ದೊರೆಯ ಮಲತಮ್ಮ, ಔರಸನಲ್ಲದ ಜೊವಾವೊ, ರಾಣಿಯ ನಚ್ಚಿನ ಆಂದೇರೊ ಎಂಬ ಸರದಾರನನ್ನು ಅರಮನೆಯಲ್ಲೇ ಕೊಂದ. ಎರಡು ವರ್ಷದ ಹೋರಾಟದ ಕೊನೆಗೆ, 1385ರ ಆಗಸ್ಟ್ 14ರಂದು ಅಲ್ಜುಬರೋಟದ ಕಾಳಗದಲ್ಲಿ ಕಾಸ್ಟೀಲಿನ ಸೈನ್ಯ ಸೋತಿತು.

ಈ ಕಥೆಯನ್ನು ಲೋಪೆಸ್ ಅರಮನೆಯ ಒಳಗಿನಿಂದ ಹೇಳಿ ಮುಗಿಸಬಹುದಿತ್ತು. ಅವನು ಬೀದಿಗೆ ಬರುತ್ತಾನೆ. ಆಂದೇರೊನನ್ನು ಕೊಂದ ಹೊತ್ತಿಗೆ ಒಬ್ಬ ಹುಡುಗ ಕುದುರೆ ಏರಿ, ಒಳಗೆ ಜೊವಾವೊನನ್ನೇ ಕೊಲ್ಲುತ್ತಿದ್ದಾರೆಂದು ಕೂಗುತ್ತ ಲಿಸ್ಬನ್ನಿನ ಓಣಿಗಳಲ್ಲಿ ಓಡುತ್ತಾನೆ. ಇದು ಮೊದಲೇ ಹೂಡಿದ ಆಟ. ಜನ ಕೈಗೆ ಸಿಕ್ಕಿದ್ದನ್ನು ಹಿಡಿದು ಬರುತ್ತಾರೆ. ಬಾಗಿಲು ಸುಡಲು ಕಟ್ಟಿಗೆ ತನ್ನಿ ಎನ್ನುವವರು, ಏಣಿ ತನ್ನಿ ಎನ್ನುವವರು. ಕೊನೆಗೆ ಜೊವಾವೊ ಕಿಟಕಿಯಲ್ಲಿ ಮುಖ ತೋರಿಸಿದ ಮೇಲೇ ಗದ್ದಲ ತಣಿಯುವುದು. ಅದೇ ಗುಂಪು ಆಮೇಲೆ ಲಿಸ್ಬನ್ನಿನ ಬಿಷಪ್ಪನನ್ನು ಚರ್ಚಿನ ಗೋಪುರದಿಂದ ಕೆಳಕ್ಕೆ ಎಸೆದದ್ದನ್ನೂ ಅವನು ಮುಚ್ಚಿಡುವುದಿಲ್ಲ. 1384ರ ಬೇಸಿಗೆಯಲ್ಲಿ ಕಾಸ್ಟೀಲಿನವರು ನಗರಕ್ಕೆ ಮುತ್ತಿಗೆ ಹಾಕಿದಾಗಿನ ಹಸಿವಿನ ವರ್ಣನೆಯಂತೂ ಯುರೋಪಿನ ಮಧ್ಯಯುಗದ ಗದ್ಯದಲ್ಲೇ ಅಪರೂಪದ್ದು. ದವಸದ ಬೆಲೆ ಎಷ್ಟಕ್ಕೆ ಏರಿತೆಂದು ಕರಣಿಕನ ಹಾಗೆ ಲೆಕ್ಕ ಕೊಡುತ್ತಾನೆ. ಹಿಂದೆ ಗೋಧಿ ಮಾರುತ್ತಿದ್ದ ಜಾಗದ ಮಣ್ಣು ಕೆದಕಿ ಕಾಳು ಹುಡುಕುವವರು, ಬೀದಿಯಲ್ಲಿ ರೊಟ್ಟಿ ಬೇಡುವ ಮೂರು-ನಾಲ್ಕು ವರ್ಷದ ಮಕ್ಕಳು, ಎದೆಹಾಲು ಬತ್ತಿದ ತಾಯಂದಿರು ಆ ಲೆಕ್ಕದ ಪಕ್ಕದಲ್ಲೇ ಬರುತ್ತಾರೆ. ಇವುಗಳನ್ನು ಅವನು ಕಣ್ಣಾರೆ ಕಂಡವನಲ್ಲ. ಮಠಗಳ ಕಡತ, ಸಮಾಧಿಯ ಬರಹ, ಕಾಸ್ಟೀಲಿನ ಚರಿತ್ರಕಾರ ಪೆರೊ ಲೋಪೆಜ್ ದೆ ಅಯಾಲನ ಕೃತಿ, ಇವುಗಳನ್ನೆಲ್ಲ ಮುಂದಿಟ್ಟುಕೊಂಡು ಒಂದಕ್ಕೊಂದು ತಾಳೆ ನೋಡಿ ಬರೆದವನು. ಎದುರು ಪಕ್ಷದವನ ಪುಸ್ತಕವನ್ನೂ ಬೇಕಾದಲ್ಲಿ ನಂಬಿದ್ದು ಅವನ ಹೆಚ್ಚುಗಾರಿಕೆ.

1454ರಲ್ಲಿ, ಮುದುಕನೂ ಅಶಕ್ತನೂ ಆದನೆಂಬ ಕಾರಣಕ್ಕೆ, ಪಾಲಕನ ಹುದ್ದೆ ಗೋಮೆಸ್ ಏನೆಸ್ ದ ಜುರಾರನ ಕೈಗೆ ಹೋಯಿತು. ಲೋಪೆಸ್‌ನ ಬಗ್ಗೆ ಸಿಗುವ ಕೊನೆಯ ದಾಖಲೆ 1459ರದು: ಔರಸನಲ್ಲದ ಮೊಮ್ಮಗನೊಬ್ಬನಿಗೆ ತನ್ನ ಆಸ್ತಿ ಹೋಗದಂತೆ ಮಾಡಿಸಿಕೊಂಡ ಪತ್ರ. ಔರಸನಲ್ಲದವನು ದೊರೆಯಾದ ಕಥೆಯನ್ನು ಅಷ್ಟು ಮನಸ್ಸಿಟ್ಟು ಬರೆದವನ ಮನೆಯ ಕಡತ ಇದು. ಜೊವಾವೊನ ಚರಿತ್ರೆ ಅಚ್ಚಾದದ್ದು 1644ರಲ್ಲಿ, ಪೋರ್ಚುಗಲ್ ಮತ್ತೆ ಸ್ಪೇನಿನ ಕೈಯಿಂದ ಬಿಡಿಸಿಕೊಂಡ ಕಾಲದಲ್ಲಿ. ಆ ಹೊತ್ತಿಗೆ ಅದರಷ್ಟು ಒಪ್ಪುವ ಪುಸ್ತಕ ಬೇರೆ ಇರಲಿಲ್ಲ. ಲೋಪೆಸ್ ಕಾಯುತ್ತಿದ್ದ ಗೋಪುರ 1755ರ ಭೂಕಂಪದಲ್ಲಿ ಕುಸಿಯಿತು. ಅವಶೇಷಗಳಡಿಯಿಂದ ತೆಗೆದ ಕಡತಗಳು ಸಾವೊ ಬೆಂತೊ ಮಠಕ್ಕೆ ಹೋಗಿ, 1990ರಿಂದ ಲಿಸ್ಬನ್ನಿನ ಹೊಸ ಕಟ್ಟಡದಲ್ಲಿವೆ. ಪೋರ್ಚುಗಲಿನ ರಾಷ್ಟ್ರೀಯ ಪತ್ರಾಗಾರಕ್ಕೆ ಇಂದಿಗೂ ಆ ಗೋಪುರದ್ದೇ ಹೆಸರು.

ಸೇಂಟ್ ಹೆಲೆನಾದ ಒಂಟಿಗ

ಎರಡನೆಯ ಲೋಪೆಸ್‌ನ ಕಥೆ ಬಿಜಾಪುರದ ಆದಿಲ್ ಶಾಹಿಯ ಕಥೆಯೊಂದಿಗೆ ಹೆಣೆದುಕೊಂಡಿದೆ. ಗೋವೆ ಆಗ ಬಿಜಾಪುರದ ಬಂದರು. ಹೊನ್ನಾವರದ ಕಡಲ ನಾಯಕ ತಿಮ್ಮೋಜನ ಸಲಹೆಯಂತೆ ಪೋರ್ಚುಗೀಸ್ ಗವರ್ನರ್ ಅಫೊನ್ಸೊ ದ ಅಲ್ಬುಕರ್ಕ್ 1510ರಲ್ಲಿ ಅದನ್ನು ಹಿಡಿದ, ಮೇ ತಿಂಗಳಲ್ಲಿ ಕಳೆದುಕೊಂಡ, ನವೆಂಬರ್ 25ರಂದು ಮತ್ತೆ ಗೆದ್ದು ಅಲ್ಲಿನ ಮುಸ್ಲಿಮರ ಕಗ್ಗೊಲೆ ಮಾಡಿಸಿದ. ಮರುವರ್ಷ ಅವನು ಮಲಾಕಾ ಗೆಲ್ಲಲು ಹಡಗು ಹತ್ತಿದ್ದೇ ಬಿಜಾಪುರದ ದಂಡು ಹಿಂದಿರುಗಿತು. ಸೇನಾನಿ ರಸೂಲ್ ಖಾನ್ ಗೋವೆ ನಗರವಿದ್ದ ದ್ವೀಪದ ಪೂರ್ವದಂಚಿನ ಬಾಣಸ್ತಾರಿ ಕೋಟೆಯಲ್ಲಿ ಬೀಡುಬಿಟ್ಟ. ನಗರದೊಳಗೆ ಪೋರ್ಚುಗೀಸರಿಗೆ ಊಟಕ್ಕೇ ತತ್ವಾರ. ಹಲವರು ರಾತ್ರೋರಾತ್ರಿ ಆ ಕಡೆ ದಾಟಿ, ಇಸ್ಲಾಂ ಸ್ವೀಕರಿಸಿ, ರಸೂಲ್ ಖಾನನ ಪರವಾಗಿ ಕತ್ತಿ ಹಿಡಿದರು. ಫೆರ್ನಾವೊ ಲೋಪೆಸ್ ಅವರಲ್ಲೊಬ್ಬ.

1512ರಲ್ಲಿ ಅಲ್ಬುಕರ್ಕ್ ಮರಳಿ ಬಂದು ಬಾಣಸ್ತಾರಿಗೆ ಮುತ್ತಿಗೆ ಹಾಕಿದ. ಸೋತ ರಸೂಲ್ ಖಾನ್ ಕೋಟೆ ಬಿಟ್ಟುಕೊಡುವಾಗ ಒಂದು ಷರತ್ತು ಒಡ್ಡಿದ: ತನ್ನನ್ನು ನಂಬಿ ಬಂದ ಪೋರ್ಚುಗೀಸರ ಜೀವ ತೆಗೆಯಕೂಡದು. ಅಲ್ಬುಕರ್ಕ್ ಒಪ್ಪಿದ, ಮಾತಿಗೆ ತಪ್ಪಲೂ ಇಲ್ಲ. ಜೀವವೊಂದನ್ನು ಬಿಟ್ಟು ಉಳಿದುದಕ್ಕೆ ಕೈಹಾಕಿದ. ಗೋವೆಯ ಬಯಲಿನಲ್ಲಿ ಜನರ ಕಣ್ಣೆದುರು ಅವರ ತಲೆಗೂದಲು, ಗಡ್ಡ ಕೀಳಿಸಲಾಯಿತು. ಮೂಗು, ಕಿವಿ, ಬಲಗೈ ಮತ್ತು ಎಡಗೈಯ ಹೆಬ್ಬೆರಳು ಕತ್ತರಿಸಲಾಯಿತು. ಆ ನೋವಿನಲ್ಲೇ ಹಲವರು ಸತ್ತರು. ಲೋಪೆಸ್ ಬದುಕಿದ.

1515ರ ಡಿಸೆಂಬರಿನಲ್ಲಿ ಅಲ್ಬುಕರ್ಕ್ ತೀರಿಕೊಂಡ ಮೇಲೆ ಲೋಪೆಸ್ ಪೋರ್ಚುಗಲಿಗೆ ಹೊರಟ ಹಡಗು ಹತ್ತಿದ. ಹಿಂದಿರುಗುವ ಹಡಗುಗಳು ದಾರಿಯಲ್ಲಿ ಸಿಹಿನೀರಿಗೆಂದು ಸೇಂಟ್ ಹೆಲೆನಾದಲ್ಲಿ ಲಂಗರು ಹಾಕುತ್ತಿದ್ದವು. ಪೋರ್ಚುಗೀಸರು 1502ರಲ್ಲಿ ಕಂಡ, ಆಫ್ರಿಕದ ಕರಾವಳಿಯಿಂದ ಸುಮಾರು 1,900 ಕಿಲೊಮೀಟರ್ ದೂರದ ನಿರ್ಜನ ದ್ವೀಪ ಅದು. ಉದ್ದಗಲ ಸೇರಿ 122 ಚದರ ಕಿಲೊಮೀಟರ್. ಲೋಪೆಸ್ ಇಳಿದವನು ಕಾಡಿನೊಳಗೆ ಅಡಗಿಕೊಂಡ. ಹುಡುಕಿ ಸಿಗದೆ ಹಡಗಿನವರು ಒಂದು ಪೀಪಾಯಿ ಬಿಸ್ಕತ್ತು, ಒಣ ಮಾಂಸ, ಒಣ ಮೀನು, ಉಪ್ಪು, ಹಳೆಯ ಬಟ್ಟೆ, ಜತೆಗೆ ಉರಿಯುವ ಬೆಂಕಿಯನ್ನೂ ದಂಡೆಯಲ್ಲಿ ಬಿಟ್ಟು ಹೊರಟರು.

ಮುಂದಿನ ಕಥೆಯನ್ನು ಕೈಹಿಡಿದು ತೋರಿಸುವಷ್ಟು ವಿವರವಾಗಿ ಹೇಳುವವನು ಗಾಸ್ಪರ್ ಕೊರಿಯಾ. ಅಲ್ಬುಕರ್ಕ್‌ನ ಬಳಿ ಬರೆಯುವ ಕೆಲಸಕ್ಕಿದ್ದವನು. ಅವನ 'ಲೆಂದಸ್ ದ ಇಂಡಿಯ' ಮೂರು ಶತಮಾನ ಹಸ್ತಪ್ರತಿಯಾಗೇ ಉಳಿದು 1858ರಿಂದೀಚೆಗೆ ಅಚ್ಚಾಯಿತು. ಅವನ ಪ್ರಕಾರ ಲೋಪೆಸ್ ಉಳಿದಿದ್ದ ನಾಲ್ಕು ಬೆರಳಿನ ಎಡಗೈಯಿಂದ ಮಣ್ಣಿನ ದಿಬ್ಬದಲ್ಲಿ ಗವಿ ತೋಡಿದ, ರಾತ್ರಿ ಅದರ ಬಾಯಿಗೆ ಮುಳ್ಳು ಮುಚ್ಚಿ ಮಲಗುತ್ತಿದ್ದ, ಸೊಪ್ಪು ಬೇಯಿಸಿ ತಿನ್ನುತ್ತಿದ್ದ. ಮರುವರ್ಷ ಬಂದ ಹಡಗಿನವರು ಗವಿಯನ್ನೂ ಹುಲ್ಲಿನ ಹಾಸಿಗೆಯನ್ನೂ ಕಂಡು, ಹೆದರಿ ಅಡಗಬೇಡವೆಂದು ಚೀಟಿ ಬರೆದಿಟ್ಟು, ತಿನಿಸು ಬಿಟ್ಟುಹೋದರು. ಆ ಹಡಗು ಹೊರಡುವಾಗ ಒಂದು ಹುಂಜ ಸಮುದ್ರಕ್ಕೆ ಬಿತ್ತು. ಅಲೆಗಳು ದಡಕ್ಕೆ ತಂದ ಅದನ್ನು ಲೋಪೆಸ್ ಎತ್ತಿಕೊಂಡು, ಹಡಗಿನವರು ಬಿಟ್ಟ ಅಕ್ಕಿಯನ್ನೇ ತಿನ್ನಿಸಿ ಸಾಕಿದ. ಹಗಲೆಲ್ಲ ಅದು ಅವನ ಹಿಂದೆಯೇ ಸುತ್ತುತ್ತಿತ್ತು, ಕರೆದರೆ ಬರುತ್ತಿತ್ತು, ರಾತ್ರಿ ಗವಿಯೊಳಗೆ ಅವನ ಜತೆಗೇ ಮಲಗುತ್ತಿತ್ತು.

ಬರಬರುತ್ತ ನಾವಿಕರಿಗೆ ಇದೊಂದು ವಾಡಿಕೆಯಾಯಿತು. ಕಣ್ಣಿಗೆ ಬೀಳದ ಈ ಮನುಷ್ಯನಿಗೆ ಬೀಜ, ಸಸಿ, ಕೋಳಿ, ಆಡು ಬಿಟ್ಟುಹೋಗುತ್ತಿದ್ದರು. ಅವನು ನೆಟ್ಟು ಬೆಳೆಸಿದ ಗಿಡಮರಗಳಲ್ಲಿ ದಾಳಿಂಬೆ, ಸೋರೆ, ತಾಳೆಗಳಿದ್ದವೆಂದೂ ಸಾಕಿದ ಬಾತು, ಕೋಳಿ, ಹಂದಿ, ಆಡುಗಳು ಹೆಚ್ಚಿ ಕಾಡು ಸೇರಿದವೆಂದೂ 'ಅಲ್ಬುಕರ್ಕ್‌ನ ಟಿಪ್ಪಣಿಗಳು' ಎಂಬ ಗ್ರಂಥ ಹೇಳುತ್ತದೆ. 1557ರಲ್ಲಿ ಅಚ್ಚಾದ ಈ ಗ್ರಂಥದ ಕರ್ತೃ ಅಲ್ಬುಕರ್ಕ್‌ನ ಮಗ ಬ್ರಾಸ್. ಕೈ ಕಡಿಸಿದವನ ಮಗನೇ ಆ ಕೈ ಬೆಳೆಸಿದ ತೋಟಕ್ಕೆ ಸಾಕ್ಷಿ ಹೇಳಿದ್ದಾನೆ.

ಸುಮಾರು ಹತ್ತು ವರ್ಷ ಕಳೆದ ಮೇಲೆ ಹಡಗಿನಿಂದ ತಪ್ಪಿಸಿಕೊಂಡ ಜಾವಾ ದ್ವೀಪದ ಹುಡುಗನೊಬ್ಬ ಅವನ ಜತೆ ಸೇರಿದ. ಕೊನೆಗೆ ಹಡಗಿನವರಿಗೆ ಅಡಗುದಾಣ ತೋರಿಸಿಕೊಟ್ಟವನೂ ಆ ಹುಡುಗನೇ. ಲೋಪೆಸ್ ಪೋರ್ಚುಗಲಿಗೆ ಹೋಗಿ ದೊರೆ ಮೂರನೆಯ ಜೊವಾವೊನನ್ನು ಕಂಡ, ಅಲ್ಲಿಂದ ರೋಮಿಗೆ ಹೋಗಿ ಪೋಪ್ ಏಳನೆಯ ಕ್ಲೆಮೆಂಟನ ಮುಂದೆ ಧರ್ಮ ಬಿಟ್ಟ ಪಾಪಕ್ಕೆ ಕ್ಷಮೆ ಬೇಡಿದ. ಕ್ಷಮೆ ಸಿಕ್ಕಿತು. ಬೇರೇನು ಬೇಕೆಂದಾಗ ಅವನು ಕೇಳಿದ್ದು ದ್ವೀಪಕ್ಕೆ ಮರಳಲು ಅಪ್ಪಣೆ. ಸೇಂಟ್ ಹೆಲೆನಾದಲ್ಲೇ 1545ರ ಸುಮಾರಿಗೆ ಸತ್ತ. ಆ ದ್ವೀಪದಲ್ಲಿ ನೆಲೆಯಾಗಿ ನಿಂತ ಮೊದಲ ಮನುಷ್ಯ ಅವನೆಂದು ಇತಿಹಾಸಕಾರರು ಗುರುತಿಸುತ್ತಾರೆ. 1815ರಲ್ಲಿ ನೆಪೋಲಿಯನ್ ಬಂದಿಳಿದ ಮೇಲೆ ಸೇಂಟ್ ಹೆಲೆನಾ ಎಂದರೆ ಅವನೊಬ್ಬನ ಹೆಸರೇ ಎಂಬಂತಾಯಿತು. ನೆಪೋಲಿಯನ್ ಬಿಡುಗಡೆಗಾಗಿ ಹಂಬಲಿಸಿದ ನೆಲಕ್ಕೆ ಲೋಪೆಸ್ ಬೇಡಿಕೊಂಡು ಹಿಂದಿರುಗಿದ್ದ.

ಅವನನ್ನು ರಾಬಿನ್ಸನ್ ಕ್ರೂಸೊವಿಗೆ ಹೋಲಿಸುವುದು ರೂಢಿ. ಹೋಲಿಕೆ ಅಷ್ಟು ಕೂಡುವುದಿಲ್ಲ. ಕ್ರೂಸೊ ಹಡಗೊಡೆದು ಸಿಕ್ಕಿಬಿದ್ದವನು, ಹಡಗು ಕಂಡರೆ ಸಾಕೆಂದು ಕಾದವನು. ಇವನು ಹಡಗು ಕಂಡಾಗಲೆಲ್ಲ ಅಡಗಿದವನು.

ಕಾಸ್ತನ್ಯೇಡ

ಮೂರನೆಯವನು 1500ರ ಸುಮಾರಿಗೆ ಸಾಂತರೇಂ ಪಟ್ಟಣದಲ್ಲಿ ರಾಜ್ಯಾಧಿಕಾರಿಯೊಬ್ಬನ ಔರಸನಲ್ಲದ ಮಗನಾಗಿ ಹುಟ್ಟಿದ. ಗೋವೆಯಲ್ಲಿ ನ್ಯಾಯಾಧಿಕಾರಿಯಾಗಿ ನೇಮಕಗೊಂಡ ತಂದೆಯ ಜತೆ 1528ರಲ್ಲಿ ಭಾರತಕ್ಕೆ ಬಂದ. ಹತ್ತು ವರ್ಷ ಇಲ್ಲಿದ್ದು, ಮಲುಕು ದ್ವೀಪಗಳವರೆಗೂ ಹೋಗಿ, ಹಡಗಿನವರು, ಸೈನಿಕರು, ಅಧಿಕಾರಿಗಳ ಬಾಯಿಂದ ಕೇಳಿದ್ದನ್ನು ಕೂಡಿಹಾಕಿದ. ತಾಯ್ನಾಡಿಗೆ ಮರಳಿದಾಗ ಕೈ ಬರಿದು. ಕೊಯಿಂಬ್ರ ವಿಶ್ವವಿದ್ಯಾಲಯದಲ್ಲಿ ದಂಡಧಾರಿಯ ಸಣ್ಣ ನೌಕರಿ ಹಿಡಿದ. ಅಲ್ಲಿನ ಕಡತಗಳ ಉಸ್ತುವಾರಿಯೂ ಅವನ ಪಾಲಿಗೆ ಬಂತು. ನೂರು ವರ್ಷ ಹಿಂದಿನ ಲೋಪೆಸ್‌ನಂತೆಯೇ ಕಡತ ಕಾಯುತ್ತ ಚರಿತ್ರೆ ಬರೆದ, ದೊರೆಯ ವರ್ಷಾಶನವೊಂದು ಬಿಟ್ಟು.

'ಪೋರ್ಚುಗೀಸರು ಭಾರತವನ್ನು ಕಂಡುಹಿಡಿದು ಗೆದ್ದ ಇತಿಹಾಸ' ಎಂಬ ಅವನ ಕೃತಿಯ ಮೊದಲ ಸಂಪುಟ ಕೊಯಿಂಬ್ರದಲ್ಲಿ 1551ರಲ್ಲಿ ಹೊರಬಂತು. ಅಧಿಕೃತ ಮನ್ನಣೆ ಇದ್ದ ಜೊವಾವೊ ದ ಬಾರೊಸ್‌ನ ಮೊದಲ ಸಂಪುಟ ಬಂದದ್ದು ಮರುವರ್ಷ. ಬಾರೊಸ್ ಲಿಸ್ಬನ್ನಿನಲ್ಲಿ ಕುಳಿತು ಬರೆದವನು, ಭಾರತಕ್ಕೆ ಕಾಲಿಟ್ಟವನಲ್ಲ. ಅವನ ಗದ್ಯ ಸೊಗಸಾದುದು, ಕಾಸ್ತನ್ಯೇಡನದು ಒರಟು. ಆದರೆ ಹೊನ್ನಾವರ, ಭಟ್ಕಳ, ಗೋವೆಗಳ ಕಡಲಂಚಿನ ಸಂಗತಿ ಬಂದಾಗ ಕರಾವಳಿಯ ಇತಿಹಾಸ ಬರೆಯುವವರು ಕಾಸ್ತನ್ಯೇಡನ ಪುಟಗಳನ್ನು ಬಿಟ್ಟು ಮುಂದೆ ಹೋಗಲಾರರು. ಬಾಣಸ್ತಾರಿಯ ಮುತ್ತಿಗೆಯನ್ನೂ ಅವನು ಬರೆದಿದ್ದಾನೆ. ಮೊದಲ ಸಂಪುಟಕ್ಕೆ ಆಕ್ಷೇಪಗಳು ಬಂದು 1554ರಲ್ಲಿ ತಿದ್ದಿ ಅಚ್ಚು ಹಾಕಿಸಬೇಕಾಯಿತು. ಅಷ್ಟರಲ್ಲೇ ಅದು ಫ್ರೆಂಚಿಗೆ ಹೋಗಿತ್ತು; 1582ರಲ್ಲಿ ಇಂಗ್ಲಿಷಿಗೂ ಬಂತು, ಇಂಗ್ಲಿಷರು ಈಸ್ಟ್ ಇಂಡಿಯಾ ಕಂಪನಿ ಕಟ್ಟುವುದಕ್ಕೆ ಹದಿನೆಂಟು ವರ್ಷ ಮೊದಲು. ಕಾಸ್ತನ್ಯೇಡ 1559ರಲ್ಲಿ ತೀರಿಕೊಂಡ. ಹತ್ತು ಸಂಪುಟಗಳ ಯೋಜನೆಯಲ್ಲಿ ಆ ಶತಮಾನದಲ್ಲಿ ಅಚ್ಚಾದವು ಎಂಟು.

ಇತರರು

ಫೆರ್ನಾಂಡೊ ಎಂಬ ಈಚಿನ ರೂಪದಲ್ಲಿ ಈ ಹೆಸರು ಹೊತ್ತವರಲ್ಲಿ ಇಬ್ಬರನ್ನು ಹೇಳಬೇಕು. ತೊಮಾರ್ ಪಟ್ಟಣದ ಫೆರ್ನಾಂಡೊ ಲೋಪೆಸ್-ಗ್ರಾಸ (1906-1994) ಸಂಗೀತ ರಚನಕಾರರು. ಸರ್ವಾಧಿಕಾರಿ ಸಲಜಾರನ ಆಡಳಿತವನ್ನು ಎದುರಿಸಿ ಕಷ್ಟಕ್ಕೆ ಒಳಗಾದವರು. ಚಿತ್ರನಿರ್ದೇಶಕ ಫೆರ್ನಾಂಡೊ ಲೋಪೆಸ್ (1935-2012) ಪೋರ್ಚುಗಲಿನ ಹೊಸ ಅಲೆಯ ಸಿನಿಮಾದ ಮೊದಲಿಗರಲ್ಲೊಬ್ಬರು. ಬೀಳುಗಾಲದ ಮುಷ್ಟಿಕಾಳಗದವನೊಬ್ಬನನ್ನು ಕುರಿತ 'ಬೆಲರ್ಮಿನೊ' (1964) ಅವರ ಹೆಸರಾದ ಚಿತ್ರ. ವಿಶೇಷಣವಿಲ್ಲದೆ ಬರಿದೆ ಫೆರ್ನಾವೊ ಲೋಪೆಸ್ ಎಂದರೆ ಪೋರ್ಚುಗಲಿನಲ್ಲಿ ಚರಿತ್ರಕಾರ ಎಂದೇ ಅರ್ಥ. ಸೇಂಟ್ ಹೆಲೆನಾದಲ್ಲಿ ಅದೇ ಹೆಸರು ಹೇಳಿದರೆ ಒಂಟಿಗ.