ದಾನದ ಲೆಕ್ಕ, ಬೆಲೆಯ ಮೌನ: ಗಡಿ ತಾಲ್ಲೂಕುಗಳ ವ್ಯಾಪಾರ ನೀತಿಯ ಚರಿತ್ರೆ

ರಟ್ಟ ಜಿನಾಲಯಕ್ಕೆ ವರ್ತಕರು ಬಿಟ್ಟುಕೊಟ್ಟ ಸುಂಕಗಳನ್ನು ಕ್ರಿ.ಶ. 1204ರ ಬೆಳಗಾವಿಯ ಶಾಸನವೊಂದು ದಾಖಲಿಸುತ್ತದೆ. ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ ಈ ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅಂದು ವೇಣುಗ್ರಾಮದಲ್ಲಿ, ಅಂದರೆ ಬೆಳಗಾವಿಯಲ್ಲಿ, ಕೂಡಿದವರಲ್ಲಿ ಮುಮ್ಮುರಿದಂಡ ಎಂಬ ವರ್ತಕ ಸಂಘದವರಷ್ಟೇ ಅಲ್ಲ, ಲಾಳ ಅಂದರೆ ಗುಜರಾತ್ ಕಡೆಯ ವ್ಯಾಪಾರಿಗಳೂ ಮಲೆಯಾಳದವರೂ ಇದ್ದರು. ರಾಯಬಾಗದ ನೆರೆಯ ತೇರದಾಳದ 12ನೆಯ ಶತಮಾನದ ಶಾಸನದಲ್ಲಿ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದವರು ಬಣಂಜು ಧರ್ಮದ, ಅಂದರೆ ವ್ಯಾಪಾರಿ ಧರ್ಮದ, ಪಾಲಕರಾಗಿ ಬರುತ್ತಾರೆ. ಭಾಷೆ, ದೇಶ ಬೇರೆಯಾದ ವರ್ತಕರು ಒಂದೇ ಧರ್ಮದ ಮಾತಿಗೆ ಬದ್ಧರಾಗುವ ಪದ್ಧತಿ ಇಲ್ಲಿ ಎಂಟು ಶತಮಾನದಷ್ಟು ಹಳೆಯದು.

ಆ ಧರ್ಮ ಯಾವುದನ್ನು ಅಳೆಯುತ್ತಿತ್ತು ಎಂಬುದು ಈ ಲೇಖನದ ಪ್ರಶ್ನೆ. ಲಾಭದಲ್ಲಿ ಎಷ್ಟು ಪಾಲು ಬಸದಿಗೆ ಹೋಯಿತು ಎಂಬುದು ಕಲ್ಲಿನ ಮೇಲಿದೆ. ಸರಕು ಬೆಳೆದವನಿಗೆ, ನೇಯ್ದವನಿಗೆ ಎಷ್ಟು ಸಿಕ್ಕಿತು ಎಂಬುದು ಇಲ್ಲ. ದತ್ತಿ ಶಾಸನದಲ್ಲಿ ಕೂಲಿಯ ಲೆಕ್ಕ ಹುಡುಕುವುದು ಸರಿಯಲ್ಲ ಎಂದು ಆಕ್ಷೇಪಿಸಬಹುದು, ಒಪ್ಪುತ್ತೇನೆ. ಆದರೆ ಸಮಾಜವೊಂದು ಕಲ್ಲಿನಲ್ಲಿ ಕೆತ್ತಿಸಲು ಯೋಗ್ಯವೆಂದು ಯಾವುದನ್ನು ಆರಿಸಿತು ಎಂಬುದೂ ಚರಿತ್ರೆಯೇ. ಬೆಲೆಯನ್ನು ಕೌಟಿಲ್ಯ ಅರಸನಿಗೆ ಬಿಟ್ಟ: ಅರ್ಥಶಾಸ್ತ್ರದಲ್ಲಿ ಸ್ವದೇಶಿ ಸರಕಿಗೆ ನೂರಕ್ಕೆ 5, ಪರದೇಶದ್ದಕ್ಕೆ 10ರ ಲಾಭದ ಮಿತಿಯಿದೆ. ಯುರೋಪಿನಲ್ಲಿ 13ನೆಯ ಶತಮಾನದ ಥಾಮಸ್ ಅಕ್ವಿನಾಸ್, ತಕ್ಕುದಕ್ಕಿಂತ ಹೆಚ್ಚಿನ ಬೆಲೆಗೆ ಮಾರುವುದು ಪಾಪವೇ ಎಂದು ನೇರವಾಗಿ ಕೇಳಿದ. ನಮ್ಮಲ್ಲಿ ಗಳಿಕೆಯ ಕ್ಷಣವನ್ನೇ ಪರೀಕ್ಷೆಗೆ ಒಡ್ಡಿದವರು ಶರಣರು. ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಶರಣ ಆಯ್ದಕ್ಕಿ ಮಾರಯ್ಯನನ್ನು ಹೆಂಡತಿ ಲಕ್ಕಮ್ಮ ತಿರುಗಿ ಕಳಿಸಿದ ಪ್ರಸಂಗದಲ್ಲಿ ದಾಸೋಹವೆಂಬ ದೊಡ್ಡ ನೆಪವೂ ಹೆಚ್ಚುವರಿಯನ್ನು ಶುದ್ಧ ಮಾಡಲಿಲ್ಲ. ಆದರೆ ಈ ಭಾಗದ ಪೇಟೆ ಉಳಿಸಿಕೊಂಡದ್ದು ದಾಸೋಹವನ್ನು, ಲಕ್ಕಮ್ಮನ ತಕರಾರನ್ನಲ್ಲ. ದನದ ಸಂತೆಗಳಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ದರ ಕುದುರಿಸುತ್ತಾರೆ. ದಾನ ಬಹಿರಂಗ, ದರ ಗುಟ್ಟು.

ಈ ಗುಟ್ಟು ಒಡೆದದ್ದು ನಿಪ್ಪಾಣಿಯಲ್ಲಿ. ಇಲ್ಲಿಯ ಬೀಡಿ ತಂಬಾಕು ದೂರದ ರಾಜ್ಯಗಳ ಬೀಡಿ ಕಂಪನಿಗಳಿಗೆ ಹೋಗುತ್ತಿತ್ತು. ನಡುವೆ ವಖಾರಿಗಳ, ಅಂದರೆ ಗೋದಾಮುಗಳ, ಸಾಲು. ವ್ಯಾಪಾರಿ ಕಣ್ಣಂದಾಜಿನಲ್ಲಿ ದರ್ಜೆ ಕಟ್ಟುತ್ತಿದ್ದ, ತೂಕದಲ್ಲಿ ಕಡಿತ ಹಾಕುತ್ತಿದ್ದ, ಹಣ ತಿಂಗಳುಗಟ್ಟಲೆ ಬಾಕಿ ಉಳಿಯುತ್ತಿತ್ತು. 1976ರಲ್ಲಿ ತಂಬಾಕು ಮಂಡಳಿ ಬಂತು; ಆದರೆ ಅದರ ನಿಯಂತ್ರಣವಿದ್ದದ್ದು ರಫ್ತಾಗುವ ವರ್ಜೀನಿಯಾ ತಂಬಾಕಿನ ಮೇಲೆ. ಇತ್ತ ಕಾಗವಾಡ ತಾಲ್ಲೂಕಿನ ಉಗಾರದಲ್ಲಿ ಕಬ್ಬು ಹಾಕಿದವನಿಗೆ 1966ರ ಕಬ್ಬು ನಿಯಂತ್ರಣ ಆದೇಶದಡಿ ಕನಿಷ್ಠ ದರವೂ 14 ದಿನಗಳಲ್ಲಿ ಪಾವತಿಯ ನಿಯಮವೂ ಇದ್ದವು, ಕಾಗದದ ಮೇಲಾದರೂ. (ಆ ಕಾಗದ ಸಾಲದೆಂಬುದನ್ನು 2025ರ ನವೆಂಬರಿನ ಗುರ್ಲಾಪುರ ಕ್ರಾಸಿನ ಕಬ್ಬು ಹೋರಾಟ ತೋರಿಸಿದೆ.) ಬೀಡಿ ತಂಬಾಕಿನವನಿಗೆ ಅಷ್ಟೂ ಇರಲಿಲ್ಲ.

1981ರ ಮಾರ್ಚ್ 14ರಂದು ಶೇತ್ಕರಿ ಸಂಘಟನೆಯ ಶರದ್ ಜೋಶಿ ಅವರ ನೇತೃತ್ವದಲ್ಲಿ ನಿಪ್ಪಾಣಿಯ ರೈತರು ತಂಬಾಕಿಗೆ ತಕ್ಕ ಬೆಲೆ ಕೇಳಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು. 12 ರೈತರು ಸತ್ತರು. ಆಗ ಆರ್. ಗುಂಡೂರಾವ್ ಮುಖ್ಯಮಂತ್ರಿ, ನರಗುಂದ–ನವಲಗುಂದದಲ್ಲಿ ರೈತರ ಮೇಲೆ ಬಿದ್ದ ಗುಂಡೇಟುಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಕನ್ನಡದ ರೈತ ಚಳವಳಿಯ ಚರಿತ್ರೆಗಳು ನರಗುಂದವನ್ನು ನೆನೆಯುವಷ್ಟು ನಿಪ್ಪಾಣಿಯನ್ನು ನೆನೆಯುವುದಿಲ್ಲ. ಚಳವಳಿ ಮರಾಠಿಯಲ್ಲಿ ಮಾತನಾಡಿತು ಎಂಬುದೇ ಇದಕ್ಕೆ ಕಾರಣವಿರಬೇಕು, ಅದು ಸಣ್ಣತನ.

ಅದೇ ಊರಿನ ವಖಾರಿಗಳ ಒಳಗೆ, ತಂಬಾಕಿನ ಧೂಳಿನಲ್ಲಿ ಜರಡಿ ಹಿಡಿಯುತ್ತಿದ್ದ ಹೆಂಗಸರು ಆಗಲೇ ಸಂಘ ಕಟ್ಟಿದ್ದರು. ದೀಪಾ ಧನರಾಜ್ ಮತ್ತು ಯುಗಾಂತರ್ ತಂಡ 1982ರಲ್ಲಿ ಅವರ ಮೇಲೆ 'ತಂಬಾಕು ಚಾಕಿಲಾ ಊಬ್ ಅಲಿ' ಎಂಬ ಚಿತ್ರ ಮಾಡಿತು. ವಖಾರಿಯವನ ವಿರುದ್ಧ ರೈತನ ದೂರು, ಅವನ ವಿರುದ್ಧವೇ ಹೆಣ್ಣಾಳಿನ ದೂರು: ಎರಡೂ ದಾನದ ಬಗ್ಗೆ ಅಲ್ಲ, ಬೆಲೆ ಮತ್ತು ಕೂಲಿಯ ಬಗ್ಗೆ.

ಅಥಣಿಯ ಚಪ್ಪಲಿಯ ಕತೆ ಬೇರೆ ಬಗೆಯದು. ಜಾಲಿ ತೊಗಟೆ, ಅಳಲೆಕಾಯಿಗಳ ರಸ ತುಂಬಿದ ತೊಗಲಿನ ಚೀಲಗಳನ್ನು ತೂಗುಹಾಕಿ ಹದ ಮಾಡಿದ ಚರ್ಮದಿಂದ ಸಮಗಾರರು ಮಾಡುವ ಈ ಕಾಲ್ಮೆಟ್ಟು, ಮಾರಾಟದ ಪೇಟೆಯಾದ ಕೊಲ್ಹಾಪುರದ ಹೆಸರಿನಲ್ಲಿ ಪ್ರಸಿದ್ಧವಾಯಿತು. ಹೆಣಿಕೆ, ಹೊಲಿಗೆ ಹೆಂಗಸರದು. ವ್ಯವಹಾರ ಗಂಡಸರ ಹೆಸರಿನಲ್ಲಿ. 1990ರ ದಶಕದ ಕೊನೆಯಲ್ಲಿ ಮಧುರಾ ಛತ್ರಪತಿ ಅವರ ಅಸೆಂಟ್ ಸಂಸ್ಥೆ ಅಥಣಿಯ ಕುಶಲಕರ್ಮಿಗಳೊಡನೆ ಕಟ್ಟಿದ 'ಟೋಹೋಲ್ಡ್' ಬೇರೆ ಊರಿನ ಹೆಸರು, ಗಂಡಸರ ವ್ಯವಹಾರ ಎರಡನ್ನೂ ಪ್ರಶ್ನಿಸಿತು: ಮಹಿಳೆಯರ ಸ್ವಸಹಾಯ ಗುಂಪುಗಳು, ತಮ್ಮದೇ ಬ್ರ್ಯಾಂಡ್, ದಲ್ಲಾಳಿಯಿಲ್ಲದೆ ರಫ್ತು. 2019ರ ಭೌಗೋಳಿಕ ಸೂಚಕ ಮಾನ್ಯತೆ ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಜಂಟಿಯಾಗಿ ಸಿಕ್ಕಿತು. ಗಡಿ ವಿವಾದದ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

2025ರ ಜೂನ್ 22ರಂದು ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಇದೇ ಮಾದರಿಯ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ತೋರಿಸಿ, ಗಲಾಟೆಯಾದ ಮೇಲೆ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಸರ್ಕಾರಿ ಚರ್ಮೋದ್ಯಮ ನಿಗಮಗಳಾದ ಕರ್ನಾಟಕದ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಮ್ ಜೊತೆ ಒಪ್ಪಂದವಾಯಿತು: 2,000 ಜೋಡಿ, ಜೋಡಿಗೆ ಸುಮಾರು 800 ಯೂರೋ. ಹೆಸರಿಗೆ ಮನ್ನಣೆ, ಕುಶಲಕರ್ಮಿಗಳಿಗೆ ತರಬೇತಿ ಎಂಬ ಮಾತುಗಳೆಲ್ಲ ಬಂದವು. ಆ 800 ಯೂರೋದಲ್ಲಿ ಹೆಣಿಕೆಯ ಹೆಂಗಸಿನ ಪಾಲು ಎಷ್ಟೆಂಬುದು ಸುದ್ದಿಯ ತಲೆಬರಹಕ್ಕೆ ಬರಲಿಲ್ಲ. ಈ ವಿಷಯದಲ್ಲಿ ಮಿಲಾನಿಗೂ ನಮ್ಮ ಹಳೆಯ ಪೇಟೆಗೂ ನನಗೆ ಹೆಚ್ಚಿನ ಅಂತರ ಕಾಣದು. ಲಾಭದ ನಂತರದ ಔದಾರ್ಯಕ್ಕೆ ಎರಡೂ ಕಡೆ ಭಾಷೆಯಿದೆ.

ಈ ಚರಿತ್ರೆಯನ್ನು ಮುಂದೆ ಬರೆಯಲು ಬೇಕಾದ ಆಧಾರ ಗ್ರಂಥಾಲಯದಲ್ಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಮನೆಗಳ ಟ್ರಂಕುಗಳಲ್ಲಿ ತಂಬಾಕಿನ ಪಟ್ಟಿಗಳು, ವಖಾರಿಯ ಹಾಜರಿ ಪುಸ್ತಕಗಳು, ಚಪ್ಪಲಿ ವ್ಯಾಪಾರದ ಉದ್ದರಿ ವಹಿಗಳು ಇನ್ನೂ ಉಳಿದಿರಬಹುದು. ಇದ್ದವರು ಅವನ್ನು ರದ್ದಿಗೆ ಹಾಕದೆ, ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ನಕಲು ತೆಗೆದುಕೊಳ್ಳಲಾದರೂ ಕೊಡಬೇಕು.