ಗೆಜೆಟ್‌ಗೆ ಗಡಿಯಾರ ಬಂತು

ಗೆಜೆಟ್ ಎಂದರೆ ಸರ್ಕಾರ ಹೊಡೆಸುವ ಡಂಗುರ. ಜನರಿಗೆ ತಿಳಿಸದ ಕಾಯ್ದೆಯಡಿ ಯಾರನ್ನೂ ಶಿಕ್ಷಿಸಲಾಗದು ಎಂದು ಸುಪ್ರೀಂ ಕೋರ್ಟ್ 1951ರಲ್ಲೇ ಜೈಪುರ ಸಂಸ್ಥಾನದ ಅಫೀಮು ಕಾಯ್ದೆಯ ಪ್ರಕರಣದಲ್ಲಿ ಹೇಳಿತ್ತು.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ಗೆಜೆಟ್‌ಗೆ ಮಾನ್ಯತೆ ನೀಡಿತು; 2015ರಲ್ಲಿ ಕೇಂದ್ರ ಸರ್ಕಾರ ಗೆಜೆಟ್ ಮುದ್ರಣವನ್ನೇ ಕೈಬಿಟ್ಟಿತು. ಕಾಗದದ ಗೆಜೆಟ್‌ಗೆ ದಿನಾಂಕ ಸಾಕಿತ್ತು. ಕಂಪ್ಯೂಟರ್ ಸೆಕೆಂಡನ್ನೂ ದಾಖಲಿಸುತ್ತದೆ.

ಪಾಕಿಸ್ತಾನದ ಸರಕಿಗೆ ಶೇ 200 ಸುಂಕ ವಿಧಿಸಿದ ಅಧಿಸೂಚನೆ ಇ-ಗೆಜೆಟ್‌ನಲ್ಲಿ ಪ್ರಕಟವಾದದ್ದು 2019ರ ಫೆಬ್ರುವರಿ 16ರಂದು, ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ಅಂದು ಅದಕ್ಕೂ ಮೊದಲೇ ಅಟ್ಟಾರಿ ಗಡಿಯಲ್ಲಿ ದಾಖಲೆ ಸಲ್ಲಿಸಿದ್ದ ವರ್ತಕರಿಂದಲೂ ಕಸ್ಟಮ್ಸ್ ಅಧಿಕಾರಿಗಳು ಹೊಸ ಸುಂಕ ಕೇಳಿದರು. ಅದು ಸಲ್ಲದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಕಾಗದ ಹೋಯಿತು, ನ್ಯಾಯ ಹಳೆಯದೇ: ಮೊದಲು ಡಂಗುರ, ಆಮೇಲೆ ಕಟ್ಟಳೆ.