ಅಡಗಿಮನ್ಯಾಗ ಸೆರೆ ವಾಸನಿ: ಈಸ್ಟಿನ ಇತಿಹಾಸ

ಹೋದ ಬ್ಯಾಸಗ್ಯಾಗ ನಮ್ಮನ್ಯಾಗ ಒಂದು ಸಣ್ಣ ಜಗಳಾತು. ಮೊಮ್ಮಗನ ಸಲುವಾಗಿ ಪಾವ್ ಮಾಡೋಣಂತ ರಾತ್ರಿ ಮೈದಾಹಿಟ್ಟಿಗೆ ಈಸ್ಟು, ಸಕ್ಕರಿ ಹಾಕಿ ನಾದಿ, ಡಬ್ಬಿಯೊಳಗ ಮುಚ್ಚಿಟ್ಟೆ. ಎರಡು ತಾಸಿಗೆ ತಗೀಬೇಕಿತ್ತು, ಮರತು ಮಲಗಿಬಿಟ್ಟೆ. ಮುಂಜಾನೆ ಮುಚ್ಚಳ ತಗದ್ರ ಗಪ್ಪಂತ ವಾಸನಿ ಮೂಗಿಗೆ ಬಡೀತು. ನಮ್ಮತ್ತಿಯವರಿಗೆ ಈಗ ಎಂಬತ್ನಾಲ್ಕು, ಮೂಗು ಮಾತ್ರ ಇನ್ನೂ ಚುರುಕ ಅದ. ದೇವರ ಮನಿಯಿಂದನ ಕೂಗಿದ್ರು: "ಅಡಗಿಮನ್ಯಾಗ ಸೆರೆ ಯಾರ ತಂದೀರಿ?"

"ಸೆರೆ ಅಲ್ರಿ ಅತ್ತಿ, ಬ್ರೆಡ್ಡಿಗೆ ಹಾಕೋ ಈಸ್ಟು ಅಷ್ಟ" ಅಂದೆ.

"ಸುಳ್ಳು ಹೇಳಬ್ಯಾಡ" ಅಂದ್ರು.

ಆ ಮಾತು ನನಗ ಭಾಳ ನಟ್ಟಿತು. ಮೂವತ್ತು ವರ್ಷದ ಮ್ಯಾಲಾತು ಈ ಮನಿಗೆ ಬಂದು, ಸುಳ್ಳಿ ಅನ್ನಿಸಿಕೊಂಡಿದ್ದಿಲ್ಲ. ನಾನೂ ಪಿಯುಸಿ ಸೈನ್ಸ್ ಪಾಸಾದಾಕಿ. ಮುಂದ ಓದೂದ್ರಾಗ ಲಗ್ನ ಆತು, ಆ ಮಾತು ಇರಲಿ. ಮಗಳ ಬಿ.ಎಸ್ಸಿ. ಪುಸ್ತಕ ಅಟ್ಟದ ಮ್ಯಾಲೆ ಇದ್ವು. ಇಳಿಸಿ, ಧೂಳಾ ಜಾಡಿಸಿ, ದಿನಾ ಮಧ್ಯಾಹ್ನ ಕುಂತು ಓದಿದೆ. ಅತ್ತಿಯವರ ಮಾತಿನ್ಯಾಗ ಎಷ್ಟು ಖರೆ ಅದ, ನನ್ನ ಮಾತಿನ್ಯಾಗ ಎಷ್ಟು ಖರೆ ಅದ ಅಂತ ನೋಡೋದಿತ್ತು. ಓದಿದ್ದು ನಿಮಗೂ ಹೇಳ್ತೀನಿ.

ಮೊದಲ ಒಂದು ಮಾತು. ನಮ್ಮ ಇಡ್ಲಿ ಹಿಟ್ಟು ಉಬ್ಬೋದು ಮುಖ್ಯವಾಗಿ ಬ್ಯಾಕ್ಟೀರಿಯಾದಿಂದ. ಈಸ್ಟ್ ಬ್ಯಾರೆ. ಅದು ಅಣಬಿ ಜಾತಿಯದು, ಒಂದ ಜೀವಕೋಶದ ಜೀವ. ಪಾಕೀಟಿನ್ಯಾಗ ಒಣ ರವಾದಂಗ ಕಾಣ್ತದ, ಆದ್ರ ಒಂದೊಂದು ಕಾಳಿನ್ಯಾಗ ಲೆಕ್ಕ ಇಲ್ಲದಷ್ಟು ಜೀವ ನಿದ್ದಿ ಹೊಡೀತಿರ್ತಾವ.

ಇದು ಜೀವ ಅಂತ ಒಪ್ಪಿಕೊಳ್ಳಲಿಕ್ಕೇ ದೊಡ್ಡ ದೊಡ್ಡ ಪಂಡಿತರಿಗೆ ಭಾಳ ಕಾಲ ಹಿಡೀತು. 1680ರಾಗ ಹಾಲೆಂಡಿನ ಲೇವೆನ್‌ಹುಕ್ ತನ್ನ ಸೂಕ್ಷ್ಮದರ್ಶಕದಾಗ ಬಿಯರಿನ ಈಸ್ಟ್ ನೋಡಿದ. ದುಂಡಗಿನ ಕಾಳು ಕಂಡ್ವು, ಜೀವ ಅಂತ ಹೊಳೀಲಿಲ್ಲ. 1789ರಾಗ ಫ್ರಾನ್ಸಿನ ಲಾವೋಸಿಯೇ ತೂಕ ಮಾಡಿ, ಸಕ್ಕರಿ ಒಡದು ಆಲ್ಕೋಹಾಲು ಮತ್ತ ಇಂಗಾಲದ ಡೈಆಕ್ಸೈಡ್ ಆಗ್ತದ ಅಂತ ಬರದ. ಒಡೆಯೋರು ಯಾರು ಅನ್ನೋದು ಹಂಗ ಉಳೀತು. 1837ರ ಸುಮಾರಿಗೆ ಮೂರು ಮಂದಿ, ಫ್ರಾನ್ಸಿನ ಕಾನ್ಯಾರ್ ದ ಲಾತೂರ್, ಜರ್ಮನಿಯ ಶ್ವಾನ್ ಮತ್ತ ಕ್ಯೂಟ್ಸಿಂಗ್, ಬ್ಯಾರೆ ಬ್ಯಾರೆ ಕುಂತು ನೋಡಿ, "ಇದು ಬೆಳೀತದ, ಜೀವ ಅದ" ಅಂದ್ರು. ಅವರನ್ನ ಮಂದಿ ನಕ್ಕರು. 1839ರಾಗ ಜರ್ಮನಿಯ ರಸಾಯನಶಾಸ್ತ್ರದ ದೊಡ್ಡ ಪತ್ರಿಕೆಯೊಳಗ ಹೆಸರು ಹಾಕದ ಒಂದು ಚ್ಯಾಷ್ಟಿ ಲೇಖನ ಬಂತು. ಅದರಾಗ ಈಸ್ಟ್ ಅಂದ್ರ ಬಟ್ಟಿ ಇಳಿಸೋ ಪಾತ್ರೆಯ ಆಕಾರದ ಸಣ್ಣ ಪ್ರಾಣಿ. ಬಾಯಿಂದ ಸಕ್ಕರಿ ತಿಂದು ಹಿಂದಿಂದ ಆಲ್ಕೋಹಾಲು ಬಿಡ್ತದಂತ! ಓದಿ ನನಗೂ ನಗು ತಡೀಲಿಲ್ಲ. ಚ್ಯಾಷ್ಟಿಗೆ ಬರದವರ ಮಾತು ಅರ್ಧ ಖರೆ ಆತು ನೋಡ್ರಿ.

ಆಮ್ಯಾಲೆ ಬಂದವರು ಲೂಯಿ ಪಾಶ್ಚರ್. ಹುಚ್ಚುನಾಯಿ ಲಸಿಕಿಯವರು ಅಂತ ನಮಗೆಲ್ಲ ಗೊತ್ತು, ಅದು ಭಾಳ ಮುಂದಿನ ಮಾತು. 1856ರಾಗ ಅವರು ಫ್ರಾನ್ಸಿನ ಲಿಲ್ ಅನ್ನೋ ಊರಿನ್ಯಾಗ ಪ್ರೊಫೆಸರ್ ಇದ್ರು. ಅಲ್ಲೆ ಬೀಟ್ ಗಡ್ಡಿ ರಸದಿಂದ ಆಲ್ಕೋಹಾಲು ಮಾಡೋ ಬಿಗೋ ಅನ್ನೋ ಸಾಹುಕಾರ ಇದ್ದ. ಅವನ ಹಂಡೇದಾಗ ರಸ ಹುಳಿಯಾಗಿ ಕೆಡಲಿಕ್ಕೆ ಹತ್ತಿತು. ಪಾಶ್ಚರ್ ದಿನಾ ಹೋಗಿ ರಸ ತಂದು ನೋಡಿದ್ರು. ಆ ವ್ಯಾಳ್ಯಾಕ್ಕ ಅವರ ಹೆಂಡ್ತಿ ಮಾರೀ ತಮ್ಮ ಮಾವನವರಿಗೆ ಪತ್ರ ಬರದು, ನಿಮ್ಮ ಮಗ ಬೀಟ್ ರಸದಾಗ ಮುಳುಗಿಬಿಟ್ಟಾರ ಅಂತ ತಿಳಿಸಿದ್ಲು. ಗಂಡ ಹೇಳಿದ್ದನ್ನ ರಾತ್ರಿ ಕುಂತು ಬರಕೊಳ್ಳಾಕೀನೂ ಆಕೀನ. ಛಲೋ ಇದ್ದ ಹಂಡೇದಾಗ ದುಂಡಗಿನ ಈಸ್ಟ್ ಇತ್ತು. ಕೆಟ್ಟದ್ದರಾಗ ಉದ್ದ ಕಡ್ಡಿಯಂಥ ಬ್ಯಾರೆ ಜೀವ ಸೇರಿದ್ದು, ಹುಳಿ ಮಾಡೋದು ಅದ.

ನಮ್ಮ ಜಗಳಕ್ಕ ಬೇಕಾದದ್ದು 1861ರ ಪ್ರಯೋಗ. ಪಾಶ್ಚರ್ ಅದೇ ಈಸ್ಟ್, ಅದೇ ಸಕ್ಕರಿ ನೀರು ತಗೊಂಡು ಎರಡು ಥರ ಇಟ್ರು. ಒಂದು ಅಗಲಾದ, ಆಳ ಇಲ್ಲದ ಪಾತ್ರೆ, ಗಾಳಿ ಛಲೋ ಆಡೋ ಹಂಗ. ಇನ್ನೊಂದು ಗಾಳಿ ಹೋಗದ ಹಂಗ ಮುಚ್ಚಿದ್ದು. ಗಾಳಿ ಇಲ್ಲದ ಕಡೆ 1 ಗ್ರಾಂ ಹೊಸ ಈಸ್ಟ್ ಬೆಳೀಲಿಕ್ಕೆ 60ರಿಂದ 80 ಗ್ರಾಂ ಸಕ್ಕರಿ ಖರ್ಚಾತು, ಆಲ್ಕೋಹಾಲು ಭಾಳ ಆತು. ಗಾಳಿ ಇದ್ದ ಕಡೆ ಅದೇ 1 ಗ್ರಾಮಿಗೆ 4ರಿಂದ 10 ಗ್ರಾಂ ಸಾಕಾತು. ಇದಕ್ಕ ಮುಂದ ಪಾಶ್ಚರ್ ಪರಿಣಾಮ ಅಂತ ಹೆಸರು ಬಿತ್ತು.

ಯಾಕ ಹಂಗಂದ್ರ, ಗಾಳಿ ಇದ್ರ ಈಸ್ಟು ಸಕ್ಕರಿಯನ್ನ ಪೂರ್ತಿ ಸುಟ್ಟು ಅದರ ಶಕ್ತಿಯೆಲ್ಲಾ ತಗೋತದ. ಗಾಳಿ ಇಲ್ಲಂದ್ರ ಅರ್ಧಕ್ಕ ಬಿಡಬೇಕಾಗ್ತದ, ಆ ಅರ್ಧ ಸುಟ್ಟಿದ್ದ ಆಲ್ಕೋಹಾಲು. ಅದರಾಗ ಇನ್ನೂ ಶಕ್ತಿ ಉಳದಿರ್ತದ. ಅದಕ್ಕ ಸ್ಪಿರಿಟ್ ದೀಪ ಉರೀತದ. ಸಿಕ್ಕ ಶಕ್ತಿ ಕಡಿಮಿ ಅಂತ ಬದುಕಲಿಕ್ಕೆ ಹೆಚ್ಚು ಸಕ್ಕರಿ ತಿನ್ನಬೇಕು. ಒದ್ದಿ ಕಟಗಿ ಒಲಿ ಇದ್ದಂಗ, ಎಷ್ಟು ತುರಕಿದ್ರೂ ಅನ್ನ ಬೇಯೋದು ತಡ, ಹೊಗಿ ಮಾತ್ರ ಹೆಚ್ಚು.

ಇಷ್ಟಕ್ಕ ಮುಗೀಲಿಲ್ಲ. ಬ್ರೆಡ್ಡಿನವರಿಗೆ ಬೇಕಾದದ್ದು ಈಸ್ಟು, ಆಲ್ಕೋಹಾಲು ಅಲ್ಲ. ಹಂಗಂತ ಕಾರ್ಖಾನ್ಯಾಗ ಗಾಳಿ ಊದಿದ್ರು. ಆದ್ರೂ ಸಕ್ಕರಿ ಒಮ್ಮೆಲೆ ಸುರುವಿದ್ರ, ಗಾಳಿ ಇದ್ದಾಗನೂ ಈಸ್ಟು ಆಲ್ಕೋಹಾಲು ಮಾಡೇ ಮಾಡ್ತದ. ಲಗ್ನದ ಮನ್ಯಾಗ ಎಲಿ ತುಂಬ ಬಡಿಸಿದಾಗ ನಾವು ಸಾವಕಾಶ ಉಣ್ತೀವೇನು? 1919ರ ಸುಮಾರಿಗೆ ಡೆನ್ಮಾರ್ಕಿನ ಸಾಕ್, ಜರ್ಮನಿಯ ಹೈಡುಕ್ ಇವರ ಕೆಲಸದಿಂದ ಒಂದು ಪದ್ಧತಿ ಬಂತು: ಕಾಕಂಬಿಯನ್ನ ತಟಕ್ ತಟಕ್ ಅಂತ ಸ್ವಲ್ಪ ಸ್ವಲ್ಪ ಬಿಡೋದು, ಜೋಡಿಗೆ ಗಾಳಿ ಊದೋದು. ಆಗ ಈಸ್ಟು ಬೆಳೀತದ, ಆಲ್ಕೋಹಾಲು ಆಗೂದಿಲ್ಲ ಅನ್ನೋ ಅಷ್ಟು ಕಡಿಮಿ. ನಮ್ಮ ಪಾಕೀಟಿನ ಈಸ್ಟು ಇವತ್ತಿಗೂ ಇದೇ ಹಾದಿಯಿಂದ ಬರೋದು.

ಅದೇ ಕಾಲದ ಇನ್ನೊಂದು ಕಥಿ ಓದಿ ನಾ ಪುಸ್ತಕ ಮುಚ್ಚಿಟ್ಟು ಸುಮ್ಮನ ಕುಂತೆ. ಮೊದಲ ಮಹಾಯುದ್ಧದಾಗ ಜರ್ಮನಿಗೆ ಹೊರಗಿನ ಎಣ್ಣಿ, ಕೊಬ್ಬು ಬರೋದು ನಿಂತಿತ್ತು. ಸಿಡಿಮದ್ದಿಗೆ ಬೇಕಾದ ಗ್ಲಿಸರಿನ್ ಬರೋದು ಕೊಬ್ಬಿನಿಂದ. ಕಾರ್ಲ್ ನಾಯ್‌ಬರ್ಗ್ ಅನ್ನೋ ವಿಜ್ಞಾನಿ, ಈಸ್ಟ್ ಇದ್ದ ಸಕ್ಕರಿ ನೀರಿಗೆ ಸಲ್ಫೈಟ್ ಅನ್ನೋ ಉಪ್ಪು ಹಾಕಿದ್ರ ಅದು ಆಲ್ಕೋಹಾಲು ಕಡಿಮಿ ಮಾಡಿ ಗ್ಲಿಸರಿನ್ ಮಾಡ್ತದ ಅಂತ ತೋರಿಸಿದ್ದ. ಆ ಹಾದಿ ಹಿಡದು ಕಾರ್ಖಾನಿಗಳು ತಿಂಗಳಿಗೆ ಸಾವಿರ ಟನ್ನಿನ ಹತ್ತಿರ ಗ್ಲಿಸರಿನ್ ತಗದ್ವು. ದೇಶಕ್ಕ ಇಷ್ಟು ಮಾಡಿಕೊಟ್ಟವನು ಯಹೂದಿ ಅಂತ ಮುಂದ ಹಿಟ್ಲರನ ಕಾಲದಾಗ ಅವನ ಕುರ್ಚಿ ಕಸಗೊಂಡ್ರು. ದೇಶ ಬಿಟ್ಟು ಹೋಗಿ ಕಡೀಕ ಅಮೆರಿಕದಾಗ ತೀರಿಕೊಂಡ.

ಒಂದ ಈಸ್ಟು. ಗಾಳಿ ಮತ್ತ ಹನಿ ಹನಿ ಸಕ್ಕರಿ ಕೊಟ್ರ ಬರೇ ಬೆಳೀತದ, ಉಸಿರು ಕಟ್ಟಿದ್ರ ಸೆರೆ ಕೊಡ್ತದ, ಉಪ್ಪು ಹಾಕಿದ್ರ ಮದ್ದಿಗೆ ಗ್ಲಿಸರಿನ್ ಕೊಡ್ತದ. ಅದರ ಗುಣ ಏನು ಅಂತ ಕೇಳೂಕಿಂತ ಮೊದಲ ಅದನ್ನ ಹೆಂಗ ಇಟ್ಟೀವಿ ಅಂತ ಕೇಳಬೇಕು. ಮಂದಿನ ನೋಡೂವಾಗೂ ನಾ ಇದನ್ನ ನೆನಸ್ಕೋತೀನಿ ಈಗೀಗ.

ಇನ್ನ ನಮ್ಮ ಡಬ್ಬಿಯ ಹಿಟ್ಟಿನ ಮಾತು. ನಾದಿದ ಹಿಟ್ಟಿನೊಳಗಿನ ಗಾಳಿ ಸ್ವಲ್ಪ ಹೊತ್ತಿನ್ಯಾಗ ತೀರತದ. ಮುಚ್ಚಳ ತಗದಿಟ್ಟಿದ್ರೂ ನಡು ಹಿಟ್ಟಿಗೆ ಗಾಳಿ ಮುಟ್ಟೂದಿಲ್ಲ. ಅಂದ್ರ ಎಲ್ಲಾ ಬ್ರೆಡ್ಡಿನ ಹಿಟ್ಟಿನ್ಯಾಗೂ ಉಬ್ಬಿಸೋ ಗಾಳಿಯ ಜೋಡಿ ಆಲ್ಕೋಹಾಲು ಆಗೇ ಆಗ್ತದ. ಬೇಯಿಸುವಾಗ ಭಾಳಷ್ಟು ಹಾರಿಹೋಗ್ತದ, ಒಂದಿಷ್ಟ ಲವಲೇಶ ಉಳೀತದ. ನನ್ನ ತಪ್ಪು ಸೆಕಿಯೊಳಗ ಇಡೀ ರಾತ್ರಿ ಬಿಟ್ಟದ್ದು. ರಾತ್ರಿ ಇಡೋದಿದ್ರ ಈಸ್ಟು ಕಡಿಮಿ ಹಾಕಿ ಫ್ರಿಜ್ಜಿನ್ಯಾಗ ಇಡ್ರಿ, ಥಂಡ್ಯಾಗ ಅದು ಸಾವಕಾಶ ಕೆಲಸ ಮಾಡ್ತದ. ಈಸ್ಟು ನೆನಸೋ ನೀರು ಬೆರಳಿಗೆ ಬೆಚ್ಚಗ ಹತ್ತಬೇಕು. ಕುದಿ ನೀರು ಹಾಕಿದ್ರ ಸತ್ತ ಹೋಗ್ತದ.

ಒಂದಿನ ಸಂಜೀಕ ಅತ್ತಿಯವರ ಮುಂದ ಕುಂತು ಎಲ್ಲಾ ಹೇಳಿದೆ. "ನಿಮ್ಮ ಮೂಗು ಖರೆ ಹೇಳಿತ್ರಿ. ಅದು ಸೆರೆ ವಾಸನೀನ. ಆದ್ರ ನಾ ಸೆರೆ ತಂದಿದ್ದಿಲ್ಲ, ಅದು ಇಲ್ಲೇ ಆಗಿದ್ದು. ಸುಳ್ಳು ಹೇಳಿದ್ದಿಲ್ಲ, ನನಗ ಗೊತ್ತಿದ್ದಿಲ್ಲ."

ಬತ್ತಿ ಹೊಸೀಕೋತ ಕೇಳಿದ್ರು. ಪಾಶ್ಚರ್ ಬಗ್ಗೆ ಏನೂ ಕೇಳಲಿಲ್ಲ. "ಆ ಪತ್ರ ಬರದಾಕಿ ಹೆಸರೇನಂದಿ?" ಅಂದ್ರು.

"ಮಾರೀ."

"ಮನಿ ಕೆಲಸಾ ಮುಗಿಸಿ ಅದನ್ನೆಲ್ಲಾ ಬರಕೋತಿದ್ಲಾ?"

"ಹೌದ್ರಿ."

ಮತ್ತ ಎರಡು ಬತ್ತಿ ಹೊಸದ್ರು. ಆಮ್ಯಾಲೆ ಅಂದ್ರು: "ನಾ ಪಾವ್ ತಿನ್ನಾಂಗಿಲ್ಲ. ಹುಡುಗಗ ಮಾಡಿಕೊಡು. ಆ ಪುಸ್ತಕ ಮತ್ತ ಅಟ್ಟಕ್ಕ ಹಾಕಬ್ಯಾಡ."

ಈಗ ಪುಸ್ತಕ ಅಡಗಿಮನಿ ಕಪಾಟಿನ್ಯಾಗ, ಬ್ಯಾಳಿ ಡಬ್ಬಿಗಳ ಬಾಜೂಕ ಅವ.